ಒರೆಸಬಾರದ ಪಿಸ್ತೂಲು

ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ತಂದು ಪ್ರಯೋಗಾಲಯದ ನಡುವೆ ನಿಲ್ಲಿಸಿದ್ದರು. ಅದರ ಎರಡೂ ಪಕ್ಕ ಗೋಡೆ ಇರಲಿಲ್ಲ. ಬೀಳದಿರಲೆಂದು ಕಬ್ಬಿಣದ ಕಾಲು ಕೊಟ್ಟಿದ್ದರು. ಹಸಿರು ಬಣ್ಣ, ಹಿಡಿಕೆಯ ಸುತ್ತ ವರ್ಷಗಟ್ಟಲೆ ಕೈ ತಾಗಿ ಕಪ್ಪಾದ ಜಾಗ, ಹಿಂಬದಿಯಲ್ಲಿ ಒಂದು ಮೊಳೆ, ಅದರಿಂದ ಒಂದು ಗೇಣು ಕೆಳಗೆ ಒಂದು ತೂತು. ತೂತಿನ ಸುತ್ತ ಯಾರೋ ಪೆನ್ಸಿಲಿನಲ್ಲಿ ವೃತ್ತ ಎಳೆದು ನಂಬರು ಬರೆದಿದ್ದರು.

ಮೂರು ತಿಂಗಳ ಹಿಂದೆ, ಈ ಬಾಗಿಲು ಇನ್ನೂ ಮನೆಯಲ್ಲಿದ್ದಾಗ, ಮಧ್ಯಾಹ್ನ ನಾಲ್ಕು ಗಂಟೆಗೆ ಒಬ್ಬ ಕಾನ್‌ಸ್ಟೇಬಲ್ ಡ್ಯೂಟಿ ಮುಗಿಸಿ ಬಂದು ಬೆಲ್ಟು ಬಿಚ್ಚಿ ಆ ಮೊಳೆಗೆ ತೂಗುಹಾಕಿದ್ದ. ಬೆಲ್ಟಿನ ಚರ್ಮದ ಚೀಲದಲ್ಲಿ ಪಿಸ್ತೂಲಿತ್ತು. ತೂಕಕ್ಕೆ ಚೀಲ ಓರೆಯಾಗಿ ತಿರುಗಿ ಹಲಗೆಗೆ ಬಡಿಯಿತು, ಪಿಸ್ತೂಲು ಸಿಡಿಯಿತು. ಬಾಗಿಲ ಆಚೆ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದ ಅವನ ಹೆಂಡತಿ ಸತ್ತಳು.

ಟ್ರಿಗರ್ ಮುಟ್ಟಿಲ್ಲ ಎಂದು ಅವನು ಹೇಳಿದ. ಬೆರಳಿಲ್ಲದೆ ಸಿಡಿಯುವ ಪಿಸ್ತೂಲು ತಾವು ಮಾಡುವುದಿಲ್ಲ ಎಂದು ಕಂಪನಿ ಹೇಳಿತು. ಅವನು ಕಂಪನಿಯ ಮೇಲೆ ದಾವೆ ಹೂಡಿದ. ಅದೇ ಮಾದರಿಯ ಪಿಸ್ತೂಲಿನ ಮೇಲೆ ಬೇರೆ ಬೇರೆ ಊರುಗಳಲ್ಲಿ ಹನ್ನೊಂದು ಜನ ಪೊಲೀಸರು ದಾವೆ ಹೂಡಿದ್ದರು. ತೊಡೆಗೆ, ಪಾದಕ್ಕೆ, ಒಬ್ಬನಿಗೆ ಮೊಣಕಾಲಿಗೆ ಗುಂಡು ಬಿದ್ದಿತ್ತು. ಎಂಟು ಜನ ಸೋತಿದ್ದರು. ಆ ಎಂಟು ಜನಕ್ಕೆ ಸೋತರೂ ಕುಂಟುವುದಷ್ಟೇ ಬಾಕಿ. ಇವನದು ಹಾಗಲ್ಲ. ಪಿಸ್ತೂಲಿನ ತಪ್ಪಿಲ್ಲವೆಂದಾದರೆ ತಪ್ಪು ಬೆರಳಿನದು, ಬೆರಳು ಇವನದು. ಕೊಲೆಯ ಫೈಲು ತಯಾರಾಗಿ ಸರ್ಕಾರಿ ವಕೀಲರ ಮೇಜಿನ ಮೇಲೆ ಕಾದು ಕೂತಿತ್ತು.

ಅವನನ್ನು ಇಲಾಖೆಯಲ್ಲಿ ಏಣಿ ಅನ್ನುತ್ತಿದ್ದರು. ಯಾವ ಬಾಗಿಲಿಗೂ ತಲೆ ಬಗ್ಗಿಸದೆ ಹೋಗಲಾಗದ ಎತ್ತರ. ಈಗ ಅವನು ಪ್ರಯೋಗಾಲಯದಲ್ಲಿ ತನ್ನದೇ ಮನೆಯ ಬಾಗಿಲ ಮುಂದೆ ನಿಂತು, ಬೆಲ್ಟು ಮೊಳೆಗೆ ಹಾಕುವುದು, ತೆಗೆಯುವುದು, ಸೊಂಟಕ್ಕೆ ಕಟ್ಟುವುದು, ಬಿಚ್ಚುವುದು, ಮತ್ತೆ ಹಾಕುವುದು. ದಿನಕ್ಕೆ ಮುನ್ನೂರು ಸಲ. ಪಿಸ್ತೂಲಿನೊಳಗೆ ಮದ್ದೂ ಗುಂಡೂ ಇಲ್ಲದ, ಬರೀ ಕ್ಯಾಪು ಇರುವ ತೋಟಾ ತುಂಬಿದ್ದರು. ಸಿಡಿದರೆ ಪಟಾಕಿಯಷ್ಟು ಸದ್ದು, ಅಷ್ಟೇ. ಕೋರ್ಟು ನೇಮಿಸಿದ್ದ ಕಮಿಷನರ್, ಒಬ್ಬ ವಯಸ್ಸಾದ ವಕೀಲರು, ಒಂದೊಂದಕ್ಕೂ ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು.

ಬಾಗಿಲ ಆಚೆ, ಮಂಚ ಇದ್ದ ಅಳತೆಗೆ ಸರಿಯಾಗಿ ಒಂದು ಕುರ್ಚಿ. ಅದರಲ್ಲಿ ಏಣಿಯ ಅತ್ತೆ ಕೂತಿದ್ದರು, ಸತ್ತವಳ ತಾಯಿ. ಅಲ್ಲಿ ಕೂರಬೇಡಿ ಎಂದು ಮೊದಲ ದಿನ ಎಲ್ಲರೂ ಹೇಳಿದರು.

"ಯಾಕೆ? ಗುಂಡಿಲ್ಲ ತಾನೆ ಅದರಲ್ಲಿ?"

"ಇಲ್ಲಮ್ಮ. ಆದ್ರೂ ನೋಡೋಕೆ ಸರಿ ಇರಲ್ಲ."

"ನನಗೆ ನೋಡೋಕಲ್ಲ, ಕೇಳೋಕೆ ಬೇಕು. ಅವಳಿಗೆ ಎಷ್ಟು ಕೇಳಿಸ್ತಿತ್ತು ಅಂತ."

ಬೆಲ್ಟು ಮೊಳೆಗೆ ಬಿದ್ದು ಚೀಲ ಹಲಗೆಗೆ ಬಡಿದಾಗಲೆಲ್ಲ ಆಚೆಯಿಂದ ಆಕೆ "ಹೂಂ" ಅನ್ನುತ್ತಿದ್ದರು. ಕಥೆ ಕೇಳುವವರು ಅನ್ನುವ ಹಾಗೆ. ಮುನ್ನೂರು ಸಲ ಠಕ್, ಮುನ್ನೂರು ಸಲ ಹೂಂ. ಕಮಿಷನರ್ ಎರಡನೇ ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು.

ಅತ್ತೆ ಅಳಿಯ ಒಂದೇ ಮನೆಯವರು. ಮಗಳು ಸತ್ತ ದಿನದಿಂದ ಆಕೆ ಇವನೊಂದಿಗೆ ಮಾತಾಡಿರಲಿಲ್ಲ. ಅಡುಗೆ ಮಾಡುತ್ತಿದ್ದರು, ತಟ್ಟೆಯನ್ನು ಅವನ ಕೋಣೆಯ ಹೊಸ್ತಿಲ ಹತ್ತಿರ ಇಟ್ಟು ಹೋಗುತ್ತಿದ್ದರು, ತಿಂದಾದ ತಟ್ಟೆಯನ್ನು ಬೇರೆಯಾಗಿ ತೊಳೆಯುತ್ತಿದ್ದರು. ಇವನು ಕೊಂದನೋ ಇಲ್ಲವೋ ಗೊತ್ತಾಗುವವರೆಗೆ ಹೀಗೇ ಎಂದು ಏಣಿಯ ವಕೀಲೆಗೆ ಸ್ಪಷ್ಟವಾಗಿ ಹೇಳಿದ್ದರು. ಕೊಂದಿದ್ದರೆ ಆಮೇಲೆ ಏನು ಎಂಬುದನ್ನು ಹೇಳಿರಲಿಲ್ಲ.

ಪಿಸ್ತೂಲನ್ನು ದಿನಾ ಬೆಳಿಗ್ಗೆ ತರುವುದು, ಸಂಜೆ ಒಯ್ಯುವುದು ಪೊಲೀಸ್ ಆಯುಧ ಕೋಣೆಯ ಮೇಲ್ವಿಚಾರಕರ ಕೆಲಸ. ಅವರನ್ನು ಎಣ್ಣೆ ಮೇಷ್ಟ್ರು ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ನೂರ ನಲವತ್ತು ಪಿಸ್ತೂಲುಗಳನ್ನು ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ, ಜೋಡಿಸಿ ಕೊಟ್ಟ ಮನುಷ್ಯ. ಉಗುರಿನ ಸಂದಿಯಲ್ಲಿ ಸದಾ ಕರಿ ಗೆರೆ. ಕೊಳೆಯಾದ ಆಯುಧ ತನ್ನ ಕಿಟಕಿ ದಾಟಿ ಹೋಗಬಾರದು ಎಂಬುದು ಅವರ ಹಟ. ಅದು ಜಂಬವೂ ಹೌದು. ಗೋಡೆಗೆ ಕುರ್ಚಿ ಹಾಕಿಕೊಂಡು ಕೂತ ಅವರಿಗೆ ಇಡೀ ಪರೀಕ್ಷೆ ನಾಟಕದಂತೆ ಕಾಣುತ್ತಿತ್ತು. ನನ್ನ ಪಿಸ್ತೂಲು ತಾನಾಗಿ ಸಿಡಿಯುವುದುಂಟೆ ಎಂಬ ಸಣ್ಣ ಸಿಟ್ಟೂ ಇತ್ತು.

ಮೂರನೇ ದಿನ, ಒಂಬೈನೂರಕ್ಕೆ ಹತ್ತು ಕಡಿಮೆ ಇರುವಾಗ, ಕಮಿಷನರ್ ಸಾಕು ಅಂದರು. ಕಂಪನಿಯ ಇಂಜಿನಿಯರ್ ಪಿಸ್ತೂಲನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿ ಒಳಭಾಗವನ್ನು ತೋರಿಸಿದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ.

"ಇದು ಸೂಜಿ. ಹಿಂದೆ ಸ್ಪ್ರಿಂಗು. ಸೂಜಿ ಮುಂದೆ ನುಗ್ಗದ ಹಾಗೆ ಈ ತುಟಿ ಹಿಡ್ಕೊಂಡಿರುತ್ತೆ. ಟ್ರಿಗರ್ ಎಳೆದ್ರೆ ಮಾತ್ರ ತುಟಿ ಕೆಳಗೆ ಹೋಗೋದು. ಬೇರೆ ದಾರಿ ಇಲ್ಲ."

"ಈ ತುಟಿ ಎಷ್ಟು ದಪ್ಪ?" ಎಂದು ಏಣಿಯ ವಕೀಲೆ ಕೇಳಿದಳು.

"ಉಗುರಿನ ಅಂಚಿನಷ್ಟು."

"ಅಷ್ಟೇನಾ?"

"ಅಷ್ಟು ಸಾಕು ಮೇಡಂ. ನೋಡಿ, ಎಲ್ಲೂ ಸವೆದಿಲ್ಲ. ಇಪ್ಪತ್ತು ವರ್ಷದಲ್ಲಿ ಇಷ್ಟು ಚೊಕ್ಕ ಪಿಸ್ತೂಲು ನಾನು ನೋಡಿಲ್ಲ. ಒಂದು ಧೂಳಿನ ಕಣ ಇಲ್ಲ. ಕೊಳವೆ ನೋಡಿ, ಕನ್ನಡಿ..."

ಅಲ್ಲಿ ಅವನ ಮಾತು ನಿಂತಿತು. ಕೊಳವೆಯನ್ನು ಬೆಳಕಿಗೆ ಹಿಡಿದವನು ಹಿಡಿದೇ ಇದ್ದ. ಆಮೇಲೆ ನಿಧಾನವಾಗಿ ತಲೆ ಎತ್ತಿ, ಗೋಡೆಯ ಕಡೆ ಕೂತಿದ್ದ ಮೇಷ್ಟ್ರನ್ನು ನೋಡಿದ. ಮೇಷ್ಟ್ರೂ ಅವನನ್ನು ನೋಡಿದರು. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಒಂದು ಗುಂಡು ಹಾರಿದ ಕೊಳವೆಯೊಳಗೆ ಮಸಿ ಇರಬೇಕು. ಈ ಕೊಳವೆಯಿಂದ ಹಾರಿದ ಗುಂಡು ಒಂದು ಹೆಣ್ಣನ್ನು ಕೊಂದಿತ್ತು. ಮಸಿ ಇರಲಿಲ್ಲ.

ಇಂಜಿನಿಯರ್ ಬಾಯಿ ಮುಚ್ಚಿಕೊಂಡು ಪಿಸ್ತೂಲನ್ನು ಜೋಡಿಸಿದ. ಚೊಕ್ಕಟವಾಗಿದ್ದರೆ ಅವನ ಕಂಪನಿಗೆ ಲಾಭ. ಕಮಿಷನರ್‌ಗೆ ಕೊಳವೆಯೂ ಒಂದೇ, ಕೊಳಲೂ ಒಂದೇ. "ಆಯ್ತಲ್ಲ?" ಎಂದು ಕಾಗದ ಮಡಿಸಿದರು.

ಮನೆಗೆ ಬಂದ ಮೇಷ್ಟ್ರು ಊಟದ ಮೇಜಿನ ಹತ್ತಿರ ಕೂತರು. ಹೆಂಡತಿ ಸಾರು ಬಡಿಸಲು ಬಂದು ನಿಂತೇ ಇದ್ದಳು.

"ಏನ್ರೀ, ಆ ಚಮಚಾನ ಇನ್ನೆಷ್ಟು ಹೊತ್ತು ಒರೆಸ್ತೀರಿ? ಸವೆದು ಕಡ್ಡಿ ಆಗುತ್ತೆ."

ಅವರು ಕೈ ನೋಡಿಕೊಂಡರು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಅಂಗಿಯ ತುದಿ.

"ನಾನು ಯಾವಾಗ ತಗೊಂಡೆ ಇದನ್ನ?"

"ಕೂತಾಗಿಂದ. ಹೊಸದಾ ಇದು? ನಮ್ಮ ಮದುವೆ ದಿನ ಫೋಟೋದವನ ಕ್ಯಾಮೆರಾ ಗಾಜು ಒರೆಸಿದ ಗಂಡು ನೀವು. ನಿದ್ದೇಲಿ ನನ್ನ ಬಳೆ ಉಜ್ಜಿದೀರಿ. ನಿಮ್ಮ ಕೈ ನಿಮ್ಮ ಮಾತು ಯಾವತ್ತು ಕೇಳಿದೆ?"

"ಆ ಪಿಸ್ತೂಲು ಒರೆಸಿಬಿಟ್ಟಿದ್ದೀನಿ ಅನ್ಸುತ್ತೆ."

"ಯಾವುದು?"

"ಏಣೀದು."

ಅವಳು ಸೌಟು ಕೆಳಗಿಟ್ಟಳು. "ಅನ್ಸುತ್ತೆ ಅಂದ್ರೆ? ಒರೆಸಿದ್ರೋ ಇಲ್ಲವೋ?"

"ನೆನಪಿಲ್ಲ."

"ನೆನಪಿಲ್ದೆ ಹೇಗೆ ಒರೆಸ್ತಾರೆ?"

ಅವರು ಚಮಚವನ್ನು ಅವಳ ಕಡೆ ಚಾಚಿ ತೋರಿಸಿದರು.

ಮರುದಿನ ಬೆಳಿಗ್ಗೆ ಆಯುಧ ಕೋಣೆಯ ಬಾಗಿಲು ಒಳಗಿಂದ ಹಾಕಿಕೊಂಡು ಕ್ಯಾಮೆರಾದ ಪೆಟ್ಟಿಗೆ ತೆರೆದರು. ಕೌಂಟರಿನ ಮೇಲೆ ಒಂದು ಕ್ಯಾಮೆರಾ ಇತ್ತು. ಅದು ದೃಶ್ಯವನ್ನು ತೊಂಬತ್ತು ದಿನ ಇಟ್ಟುಕೊಂಡು ಹಳೆಯದನ್ನು ತಾನೇ ಅಳಿಸುತ್ತದೆ. ಲೆಕ್ಕ ಹಾಕಿದರೆ ಏಣಿಯ ಹೆಂಡತಿ ಸತ್ತು ಅಂದಿಗೆ ಎಂಬತ್ತೆಂಟು. ಎರಡು ದಿನ ಸುಮ್ಮನಿದ್ದರೆ ಏನೂ ಉಳಿಯುತ್ತಿರಲಿಲ್ಲ. ಸುಮ್ಮನಿರಲು ಮನಸ್ಸಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಒಮ್ಮೆ ನೋಡಬೇಕಿತ್ತು.

ತೆರೆಯ ಮೇಲೆ ಅವಳು ಸತ್ತ ದಿನದ ಸಂಜೆ ಐದೂ ಮುಕ್ಕಾಲು. ಇನ್‌ಸ್ಪೆಕ್ಟರ್ ಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು ತಂದು ಕೌಂಟರಿನ ಮೇಲಿಟ್ಟ. ಅದರ ನಂಬರು ಖಾತ್ರಿ ಮಾಡಿಸಿಕೊಂಡು, ಸೀಲು ಹಾಕುವ ಅರಗು ತರಲು ಆಚೆ ಹೋದ. ಕಿಟಕಿಯ ಹಿಂದೆ ಒಬ್ಬ ಮನುಷ್ಯ ಒಬ್ಬನೇ ಉಳಿದ. ಅವನು ಬಟ್ಟೆ ಬಿಡಿಸಿದ. ತೋಟಾಗಳನ್ನು ತೆಗೆದು ಸಾಲಾಗಿ ಇಟ್ಟ. ಪಿಸ್ತೂಲು ಬಿಚ್ಚಿದ. ಕೊಳವೆಯೊಳಗೆ ಬ್ರಷ್ಷು ನುಗ್ಗಿಸಿ ಹದಿನಾಲ್ಕು ಸಲ ಎಳೆದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಅವನ ತುಟಿ ಅಲುಗುತ್ತಿತ್ತು, ಏನೋ ಗುನುಗುತ್ತಿದ್ದ. ನಾಲ್ಕು ನಿಮಿಷ. ಕೊನೆಗೆ ಬಟ್ಟೆಯ ಮೇಲೆ ಏನನ್ನೋ ಕಂಡು ಬಗ್ಗಿದ, ಉಗುರಿನಿಂದ ಅದನ್ನು ಎತ್ತಿ ಬೆಳಕಿಗೆ ಹಿಡಿದ, ಚಿಮ್ಮಿದ. ಅದು ಕಸದ ಡಬ್ಬಿಯೊಳಗೆ ಹೋಯಿತು. ಏನದು ಎಂದು ತೆರೆಯ ಮೇಲೆ ಕಾಣಲಿಲ್ಲ. ಸಾಸಿವೆಯ ಅರ್ಧದಷ್ಟಿರಬೇಕು.

ಮೇಷ್ಟ್ರು ಅದನ್ನು ಆರು ಸಲ ನೋಡಿದರು. ಯಾವ ಸಲವೂ ಆ ಮನುಷ್ಯ ತಾವು ಅನ್ನಿಸಲಿಲ್ಲ. ಐದನೇ ಸಲ, ಚಿಮ್ಮುವ ಮೊದಲು, ಅವನು ಒಂದು ಕ್ಷಣ ಕ್ಯಾಮೆರಾದ ಕಡೆ ತಲೆ ಎತ್ತಿದಂತೆ ಕಂಡಿತು. ಆರನೇ ಸಲ ಎತ್ತಲಿಲ್ಲ.

ಕಸದ ಡಬ್ಬಿ ವಾರಕ್ಕೊಮ್ಮೆ ಖಾಲಿಯಾಗುತ್ತದೆ. ಆದರೂ ತಳವನ್ನು ಬೆರಳಿನಿಂದ ಕೆರೆದು ನೋಡಿದರು.

ಅವರನ್ನು ಹಿಡಿದು ಅಲುಗಾಡಿಸಿದ್ದು ಸಾಕ್ಷ್ಯ ಹೋಯಿತು ಎಂಬುದಷ್ಟೇ ಅಲ್ಲ. ಆ ಅರ್ಧ ಸಾಸಿವೆಯಷ್ಟಿದ್ದದ್ದು ಲೋಹದ ಚೂರೇ ಆಗಿರಬಹುದು, ತುಟಿಯ ಕೆಳಗೆ ಸಿಕ್ಕಿ ಸೂಜಿಯನ್ನು ಬಿಟ್ಟಿರಬಹುದು. ಅಥವಾ ಬರೀ ಕೊಳೆ ಇರಬಹುದು. ತನ್ನ ಕೈ ತನಗೆ ತಿಳಿಯದೆ ನಾಲ್ಕು ನಿಮಿಷ ಇಷ್ಟೆಲ್ಲ ಮಾಡಿತ್ತು. ಹಾಗಿದ್ದ ಮೇಲೆ ಏಣಿಯ ಒಂದು ಬೆರಳು ಅವನಿಗೆ ತಿಳಿಯದೆ ಅರ್ಧ ಕ್ಷಣ ಏನನ್ನೂ ಮಾಡಿರಲಾರದೆ? ಪಿಸ್ತೂಲು ತಾನಾಗಿ ಸಿಡಿಯಿತೋ, ಕೈ ತಾನಾಗಿ ಎಳೆಯಿತೋ? ಅವರ ಬೆನ್ನ ಹಿಂದೆ ಸಾಲುಸಾಲು ಗೂಟಗಳಲ್ಲಿ ಅದೇ ಮಾದರಿಯ ಪಿಸ್ತೂಲುಗಳು ಮೂಗು ಕೆಳಗೆ ಮಾಡಿಕೊಂಡು ನೇತಾಡುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವುಗಳಿಗೆ ಬೆನ್ನು ಕೊಟ್ಟು ಕೂರಲು ಆಗಲಿಲ್ಲ. ಕುರ್ಚಿ ತಿರುಗಿಸಿಕೊಂಡರು.

ಮಧ್ಯಾಹ್ನ ಏಣಿಯ ವಕೀಲೆಯ ಕಚೇರಿಗೆ ಹೋಗಿ ಕ್ಯಾಮೆರಾದ ಆ ದೃಶ್ಯದ ತುಣುಕು ಕೊಟ್ಟರು. ಅವಳು ಒಮ್ಮೆ ನೋಡಿ ಕನ್ನಡಕ ತೆಗೆದಳು.

"ಇದಕ್ಕೆ ಸಾಕ್ಷ್ಯ ನಾಶ ಅಂತಾರೆ ಗೊತ್ತಾ ನಿಮಗೆ?"

"ಗೊತ್ತು."

"ಕೆಲಸ ಹೋಗಬಹುದು. ಒಳಗೂ ಹಾಕಬಹುದು."

"ಗೊತ್ತು ಅಂದ್ನಲ್ಲ ತಾಯಿ."

"ಮತ್ತೆ ಯಾಕೆ ತಂದ್ರಿ? ಏಣಿ ನಿಮಗೆ ಸ್ನೇಹಿತನಾ?"

"ಅಲ್ಲ. ಅವನು ಬೆಲ್ಟನ್ನ ಒದ್ದೆ ಮಾಡ್ಕೊಂಡು ಬರ್ತಿದ್ದ, ಕಂಡ್ರೆ ಆಗ್ತಿರ್ಲಿಲ್ಲ ನನಗೆ." ಮೇಷ್ಟ್ರು ತೆರೆಯ ಕಡೆ ಬೆರಳು ತೋರಿಸಿದರು. "ಅಲ್ಲಿ ಇರೋನು ಯಾರು ಅಂತ ನನಗೆ ಗೊತ್ತಾಗ್ತಿಲ್ಲ. ನೀವೂ ಒಬ್ರು ನೋಡಿ ಅಂತ ತಂದೆ."

ಕೋರ್ಟಿನಲ್ಲಿ ಕಂಪನಿಯ ವಕೀಲರು ಮೇಷ್ಟ್ರನ್ನು ಒಂದೂವರೆ ಗಂಟೆ ನಿಲ್ಲಿಸಿದರು. ಕುಡಿಯುತ್ತೀರಾ, ಮರೆವಿನ ಕಾಯಿಲೆ ಉಂಟಾ, ಏಣಿಯ ಕಡೆಯವರು ಏನಾದರೂ ಕೊಟ್ಟರಾ. ಇಂಜಿನಿಯರ್ ಕಟಕಟೆಗೆ ಬಂದು, ಹೌದು, ಕೊಳವೆ ಒರೆಸಿದ್ದು ನನಗೂ ಕಂಡಿತ್ತು, ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ ಎಂದು ಒಪ್ಪಿಕೊಂಡ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಒರೆಸಿದ ಪಿಸ್ತೂಲು ಒಂಬೈನೂರು ಸಲ ಸಿಡೀಲಿಲ್ಲ. ಒರೆಸದೆ ಇದ್ರೆ?"

ಅದನ್ನು ತಿಳಿಯಲೆಂದೇ ಆದೇಶ ಹೀಗಾಯಿತು: ಪಿಸ್ತೂಲನ್ನು ನಲವತ್ತು ದಿನ ಯಾರೂ ಒರೆಸಬಾರದು. ಟ್ರಿಗರ್ ಅಲುಗದ ಹಾಗೆ ಅದರ ಹಿಂದೆ ಉಕ್ಕಿನ ಕಡ್ಡಿ ಕೂರಿಸಿ ಅರಗಿನ ಸೀಲು ಹಾಕಬೇಕು. ಕ್ಯಾಪಿನ ತೋಟಾ ತುಂಬಿ ಅದನ್ನು ಏಣಿಯೇ ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಸೊಂಟಕ್ಕೆ ಕಟ್ಟಿಕೊಂಡು, ಡ್ಯೂಟಿಯಲ್ಲಿ ಇದ್ದ ಹಾಗೆ ಓಡಾಡಬೇಕು, ಜೀಪು ಹತ್ತಿ ಇಳಿಯಬೇಕು, ಕೂರಬೇಕು, ಏಳಬೇಕು. ಸಂಜೆ ಐದಕ್ಕೆ ಆಯುಧ ಕೋಣೆಯ ಕಿಟಕಿಯಲ್ಲಿ ಕ್ಯಾಮೆರಾದ ಕೆಳಗೆ ಬೆಲ್ಟು ಸಮೇತ ಒಪ್ಪಿಸಬೇಕು, ತೋಟಾ ತೆಗೆಯಬಾರದು. ನಲವತ್ತು ದಿನದಲ್ಲಿ ಸಿಡಿಯದಿದ್ದರೆ ದಾವೆ ವಜಾ. ಮೇಷ್ಟ್ರ ಮೇಲಿನ ಕ್ರಮವೂ ಅಲ್ಲಿಯವರೆಗೆ ತಡೆ.

ಇಡೀ ದಿನ ಏಣಿಯ ಹಿಂದೆ ಇದ್ದು ನೋಡಲು ಎರಡೂ ಕಡೆಯವರು ಒಪ್ಪುವ ಒಬ್ಬ ಸಾಕ್ಷಿ ಬೇಕಾಗಿತ್ತು. ಕಂಪನಿಯ ವಕೀಲರು ಕ್ಷಣವೂ ಯೋಚಿಸದೆ ಏಣಿಯ ಅತ್ತೆಯ ಹೆಸರು ಸೂಚಿಸಿದರು. ಅವನನ್ನು ಅಷ್ಟು ದ್ವೇಷಿಸುವವರು ಊರಲ್ಲಿ ಇನ್ನೊಬ್ಬರಿಲ್ಲ ಎಂಬುದು ಅವರ ಲೆಕ್ಕ.

ಹಾಗೆ ಶುರುವಾಯಿತು. ಮುಂದೆ ಏಣಿ, ನಾಲ್ಕು ಹೆಜ್ಜೆ ಹಿಂದೆ ಅತ್ತೆ, ಕೈಯಲ್ಲಿ ಒಂದು ನೋಟ್‌ಬುಕ್ಕು. ಮಾರ್ಕೆಟ್ಟಿನ ರಸ್ತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಠಾಣೆಯ ಮೆಟ್ಟಿಲ ಮೇಲೆ. ಅವನು ಓಡಿದರೆ ಆಕೆ ಓಡುತ್ತಿರಲಿಲ್ಲ, ನಿಂತು ಕಾಯುತ್ತಿದ್ದರು. ಅವನೇ ವಾಪಸು ಬರುತ್ತಿದ್ದ. ಅಂಗಡಿಯವರು ಮೊದಲು ನಕ್ಕರು. ಎರಡನೇ ವಾರಕ್ಕೆ ಅವರಿಬ್ಬರು ಬಂದರೆ ಬೆಂಚಿನಿಂದ ಎದ್ದು ಆಚೆ ಹೋಗತೊಡಗಿದರು.

ಸಂಜೆ ಐದಕ್ಕೆ ಕಿಟಕಿ. ಏಣಿ ಬೆಲ್ಟು ಬಿಚ್ಚಿ ಎರಡು ಕೈಯಲ್ಲಿ ಚಾಚುತ್ತಿದ್ದ. ಮೇಷ್ಟ್ರು ಎರಡು ಕೈಯಲ್ಲಿ ತೆಗೆದುಕೊಂಡು ಗೂಟಕ್ಕೆ ಹಾಕುತ್ತಿದ್ದರು. ಅತ್ತೆ ನೋಟ್‌ಬುಕ್ಕಿನಲ್ಲಿ "ಇಲ್ಲ" ಎಂದು ಬರೆಯುತ್ತಿದ್ದರು.

ಮೇಷ್ಟ್ರಿಗೆ ಆ ಗೂಟದ ಕಡೆ ನೋಡುವುದೇ ಹಿಂಸೆ. ಚರ್ಮದ ಚೀಲದ ಬಾಯಲ್ಲಿ ಧೂಳು ಗೆರೆ ಕಟ್ಟಿತು. ಹಿಡಿಕೆಯ ಗೀರುಗಳಲ್ಲಿ ಬೆವರಿನ ಕೊಳೆ ಬೆಳೆಯಿತು. ಪಿಸ್ತೂಲಿನ ಜಾರುವ ಮೇಲ್ಭಾಗದ ಅಂಚಿಗೆ ಅಂಗಿಯ ನೂಲಿನ ಜುಂಗು. ಒಂದು ವಾರ, ಎರಡು ವಾರ, ಮೂರು ವಾರ. ಅವರ ಕೈ ತಾನಾಗಿ ಮೇಲೇಳುತ್ತಿತ್ತು. ಹಾಗಾಗಿ ಸಂಜೆ ಬೆಲ್ಟು ಗೂಟಕ್ಕೆ ಹಾಕಿದೊಡನೆ ಅವರು ಎರಡೂ ಕೈಗಳನ್ನು ಕುಂಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು.

"ಏನ್ ಮೇಷ್ಟ್ರೇ, ಮೊಟ್ಟೆಗೆ ಕಾವು ಕೊಡ್ತಿದ್ದೀರಾ?" ಎಂದು ತುರ್ತು ದಳದವರು ಕಿಟಕಿಯಿಂದ ಕೂಗುತ್ತಿದ್ದರು.

"ಹೂಂ. ನಿಮ್ಮಂಥ ಮರಿ ಹುಟ್ಟದಿದ್ರೆ ಸಾಕು."

ತುರ್ತು ದಳದವರಿಗೆ ಯಾವ ಗಳಿಗೆಯಲ್ಲಾದರೂ ಕರೆ ಬರುವುದರಿಂದ ಅವರು ಪಿಸ್ತೂಲನ್ನು ಮನೆಗೂ ಒಯ್ಯಬೇಕು. ಆರು ದಿನ ಅವರ ಬಳಿ, ಏಳನೇ ದಿನ ಮೇಷ್ಟ್ರ ಬಳಿ ಉಜ್ಜಲು. ಏಣಿಯೂ ಅದೇ ದಳದವನು. ಅವನ ಬೆಲ್ಟು ಮೊಳೆಗೆ ಬಿದ್ದದ್ದು ಆರನೇ ದಿನ.

ಇಪ್ಪತ್ತೈದನೇ ದಿನದ ಹೊತ್ತಿಗೆ ಏಣಿ ಬಡಕಲಾಗಿದ್ದ. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿದ್ದ. ಒಂದು ಸಂಜೆ ಬೆಲ್ಟು ಚಾಚಿ, ಮೇಷ್ಟ್ರು ಹಿಡಿದರೂ ಕೈ ಬಿಡಲಿಲ್ಲ.

"ಮೇಷ್ಟ್ರೇ, ನಿಮಗೆ ಏನನ್ಸುತ್ತೆ? ನಾನೇ ಎಳೆದಿದ್ದೀನಾ?"

"ನನ್ನನ್ನ ಯಾಕೆ ಕೇಳ್ತೀಯ?"

"ನೀವು ನೆನಪಿಲ್ದೆ ಒರೆಸಿದ್ರಲ್ಲ. ಅದಕ್ಕೆ." ಅವನ ದನಿ ತೀರ ಕೆಳಗಿತ್ತು. "ಮೊದಮೊದಲು ನನಗೆ ಸರಿಯಾಗಿ ನೆನಪಿತ್ತು, ಬೆರಳು ಚೀಲದ ಹೊರಗಿತ್ತು ಅಂತ. ಈಗ ಸಾವಿರ ಸಲ ತೂಗುಹಾಕಿ ಆದ್ಮೇಲೆ ಯಾವುದು ಆವತ್ತಿಂದು, ಯಾವುದು ಲ್ಯಾಬಿಂದು, ಒಂದೂ ಗೊತ್ತಾಗಲ್ಲ. ಕೆಲವು ಸಲ ಬೆರಳು ಒಳಗಿರೋ ಹಾಗೆ ನೆನಪಾಗುತ್ತೆ."

ನಾಲ್ಕು ಹೆಜ್ಜೆ ಹಿಂದೆ ಅತ್ತೆ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಬೆಲ್ಟನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಗೂಟಕ್ಕೆ ಹಾಕಿದರು.

ಮೂವತ್ತನೇ ದಿನ "ಇಲ್ಲ". ಮೂವತ್ತೊಂದು, ಮೂವತ್ತೆರಡು, "ಇಲ್ಲ". ಕಂಪನಿಯ ವಕೀಲರು ವಜಾ ಅರ್ಜಿಯನ್ನು ಟೈಪು ಮಾಡಿಸಿಟ್ಟಿದ್ದಾರೆ ಎಂದು ಸುದ್ದಿ ಬಂತು.

ಮೂವತ್ಮೂರನೇ ದಿನ ಐದಕ್ಕೆ ಐದು ನಿಮಿಷ. ತುರ್ತು ದಳದ ಏಳು ಮಂದಿ ಉಜ್ಜಿದ ಪಿಸ್ತೂಲು ತೆಗೆದುಕೊಳ್ಳಲು ಕಿಟಕಿಯ ಪಕ್ಕ ಸಾಲು ನಿಂತಿದ್ದರು. ಬಿಸಿಲು ಇನ್ನೂ ಇತ್ತು. ಏಣಿ ಸಾಲಿನ ಮುಂದೆ ಬಂದು ಬೆಲ್ಟು ಬಿಚ್ಚಿದ, ಒಂದು ತುದಿಯನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು, ಕಿಟಕಿಯೊಳಗೆ ಚಾಚಿದ. ನಡುವೆ ಚೀಲ ಜೋಲಿಯಂತೆ ತೂಗುತ್ತಿತ್ತು. ಯಾರ ಕೈಯೂ ಅದರ ಹತ್ತಿರ ಇರಲಿಲ್ಲ. ಮೇಷ್ಟ್ರು ಹಿಡಿಯಲು ಕೈ ಎತ್ತಿದರು. ಚೀಲ ಒಮ್ಮೆ ತೂಗಿ ಕಿಟಕಿಯ ಮರದ ಅಂಚಿಗೆ ಮೆಲ್ಲಗೆ ತಾಗಿತು.

ಟಪ್.

ಅಷ್ಟೇ ಸದ್ದು. ಸಣ್ಣ ಹೊಗೆ ಚೀಲದ ಬುಡದಿಂದ ಬಂತು. ಸುಟ್ಟ ವಾಸನೆ. ಮೇಷ್ಟ್ರು ತಮ್ಮ ಹೊಟ್ಟೆ ನೋಡಿಕೊಂಡರು. ಗುಂಡಿ ಹಾಕಿದ ಜಾಗದ ಪಕ್ಕ, ಅಂಗಿಯ ಮೇಲೆ, ಹೆಬ್ಬೆರಳಿನಷ್ಟು ಮಸಿ. ಅವರು ಅದನ್ನು ನೋಡುತ್ತಾ ನಿಂತರು. ಕೈ ಅದನ್ನು ಒರೆಸಲು ಹೋಗಲಿಲ್ಲ.

ಏಣಿ ಬೆಲ್ಟನ್ನು ಹಾಗೇ ಹಿಡಿದಿದ್ದ. ಎರಡೂ ಕೈ ಎರಡು ತುದಿಯಲ್ಲಿ. ತನ್ನ ಹತ್ತು ಬೆರಳುಗಳನ್ನು ಒಂದೊಂದಾಗಿ ನೋಡಿದ, ಎಲ್ಲವೂ ಅಲ್ಲೇ ಇದ್ದವು. ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಮೇಷ್ಟ್ರು ಬಗ್ಗಿ ಸೀಲು ನೋಡಿದರು. ಅರಗು ಒಡೆದಿರಲಿಲ್ಲ, ಕಡ್ಡಿ ಕೂತಲ್ಲೇ ಕೂತಿತ್ತು.

"ಅಮ್ಮ, ಬನ್ನಿ. ನೋಡಿ ಬರ್ಕೊಳ್ಳಿ."

ಅತ್ತೆ ಬಂದರು. ಸೀಲು ನೋಡಿದರು, ಹೊಗೆ ಬಂದ ಜಾಗ ಮೂಸಿ ನೋಡಿದರು. ನೋಟ್‌ಬುಕ್ಕು ತೆರೆದು "ಹೌದು" ಎಂದು ಬರೆದರು, ಗಂಟೆ ಹಾಕಿದರು. ಪೆನ್ನು ಮುಚ್ಚಿ, ಐದು ತಿಂಗಳ ಮೇಲೆ ಮೊದಲ ಸಲ ಅಳಿಯನ ಮುಖ ನೋಡಿ ಮಾತಾಡಿದರು.

"ಅವಳು ಕೂಗಿದ್ಲಾ?"

"ಇಲ್ಲ ಅತ್ತೆ."

"ಏನೂ ಅನ್ಲಿಲ್ವಾ?"

"ಬಾಗಿಲು ಯಾರು ತಟ್ಟಿದ್ದು ಅಂದ್ಲು. ಅಷ್ಟೇ."

ಆಕೆ ತಲೆ ಆಡಿಸಿದರು. ಆಮೇಲೆ ಅಲ್ಲೇ, ಸಾಲು ನಿಂತವರ ಕಾಲ ಹತ್ತಿರ, ನೆಲದ ಮೇಲೆ ಕೂತುಬಿಟ್ಟರು. ಏಣಿ ಬೆಲ್ಟನ್ನು ಕೌಂಟರಿನ ಮೇಲಿಟ್ಟು ಆಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಎದ್ದು ಹೋದರು. ಈ ಸಲ ಆಕೆ ನಾಲ್ಕು ಹೆಜ್ಜೆ ಹಿಂದೆ ಇರಲಿಲ್ಲ.

ಮೇಷ್ಟ್ರು ಕಮಿಷನರ್‌ಗೆ ಫೋನ್ ಮಾಡಿ ತಿಳಿಸಿದರು. ಆಮೇಲೆ ತಮ್ಮ ಮೇಲಧಿಕಾರಿಗೆ ಮಾಡಿದರು.

"ಸರ್, ಸಿಡೀತು. ಕೈ ಇಲ್ದೆ. ಕ್ಯಾಮೆರಾದಲ್ಲಿದೆ."

"ಒಳ್ಳೇದಾಯ್ತು ಬಿಡಿ, ಪಾಪ ಆ ಹುಡುಗ ಬದುಕಿದ."

"ಉಳಿದದ್ದು ಏನ್ ಮಾಡ್ಲಿ ಸರ್? ಅದೇ ಮಾದರಿ ನೂರ ಮೂವತ್ತೊಂಬತ್ತು ಇದೆ ನನ್ನ ಹತ್ರ."

"ತೀರ್ಪು ಬರ್ಲಿ. ಆಮೇಲೆ ಕಮಿಟಿ ಕೂರುತ್ತೆ. ವಾಪಸ್ ತಗೊಳ್ಳಿ ಅಂತ ಆರ್ಡರ್ ಬಂದಿಲ್ವಲ್ಲ."

"ಈಗ ಏಳು ಜನ ನಿಂತಿದಾರೆ ಸರ್, ಕಿಟಕೀಲಿ."

"ಬರಿಗೈಲಿ ಡ್ಯೂಟಿಗೆ ಕಳಿಸ್ತೀರಾ? ಕೊಡಿ."

ಏಳು ಮಂದಿಯೂ ಎಲ್ಲವನ್ನೂ ನೋಡಿದ್ದರು. ಆದರೂ ಯಾರೂ ಸಾಲು ಬಿಟ್ಟಿರಲಿಲ್ಲ. ಮೇಷ್ಟ್ರು ಮೊದಲನೆಯ ಪಿಸ್ತೂಲನ್ನು ಗೂಟದಿಂದ ತೆಗೆದರು. ಬೆಳಿಗ್ಗೆಯೇ ಉಜ್ಜಿದ್ದು, ಎಣ್ಣೆಯ ಹೊಳಪಿತ್ತು. ಕೈ ಚಾಚಿದವನಿಗೆ ಕೊಡದೆ ಹಿಡಿದುಕೊಂಡರು.

"ಮನೇಲಿ ಎಲ್ಲಿ ತೂಗುಹಾಕ್ತೀಯ ಇದನ್ನ?"

"ಯಾಕೆ ಮೇಷ್ಟ್ರೇ?"

"ಕೇಳಿದ್ದಕ್ಕೆ ಹೇಳು."

"ಅಡುಗೆಮನೆ ಗೋಡೆ ಗೂಟಕ್ಕೆ."

"ಆಚೆ ಕಡೆ ಯಾರಿರ್ತಾರೆ?"

"ಅಪ್ಪ. ಹಾಸಿಗೆ ಹಿಡಿದಿದ್ದಾರೆ."

ಮೇಷ್ಟ್ರು ಕೊಟ್ಟರು. ಅವನು ಸಹಿ ಹಾಕಿ ಚೀಲಕ್ಕೆ ಸೇರಿಸಿ, ರೂಢಿಯಂತೆ ಅಂಗೈಯಿಂದ ಎರಡು ಸಲ ತಟ್ಟಲು ಹೋಗಿ ಕೈಯನ್ನು ಹಿಂದಕ್ಕೆಳೆದುಕೊಂಡ.

ಎರಡನೆಯವನು ಬೀರುವಿನ ಒಳಗೆ ಅಂದ. ಬೀರುವಿನ ಹಿಂದೆ ಗೋಡೆ, ಗೋಡೆಯ ಆಚೆ ಪಕ್ಕದ ಮನೆಯವರು, ಯಾರೆಂದು ಸರಿಯಾಗಿ ಗೊತ್ತಿಲ್ಲ. ಮೂರನೆಯವನು ದಿಂಬಿನ ಹತ್ತಿರ ಅಂದ. ನಾಲ್ಕನೆಯವನು ಸುಳ್ಳು ಹೇಳಿದ, ಅದು ಮುಖದಲ್ಲೇ ಕಂಡಿತು. ಹೊರಗೆ ಜೀಪು ಹಾರನ್ ಹೊಡೆಯತೊಡಗಿತ್ತು. ಪ್ರತಿಯೊಬ್ಬರಿಗೂ ಮೇಷ್ಟ್ರು ಅದನ್ನೇ ಕೇಳಿದರು, ಉತ್ತರ ಕೇಳಿಸಿಕೊಂಡರು, ಕೊಟ್ಟರು.

ಕೊನೆಯವಳು ದಳಕ್ಕೆ ಹೊಸದಾಗಿ ಸೇರಿದ್ದ ಹುಡುಗಿ. ಕೇಳುವ ಮೊದಲೇ ನಕ್ಕಳು.

"ನಮ್ಮದು ಒಂದೇ ರೂಮಿನ ಮನೆ ಮೇಷ್ಟ್ರೇ. ಆಚೆ ಕಡೆ ಅಂತ ಇಲ್ಲವೇ ಇಲ್ಲ. ಎಲ್ಲರೂ ಈಚೆ ಕಡೇನೇ."

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆ ಎಂದು ಕೇಳಿಸಿತು. ನಗು ನಿಂತಿತು. ಚಾಚಿದ ಅಂಗೈ ಮಾತ್ರ ಕಿಟಕಿಯೊಳಗೆ ಹಾಗೇ ಇತ್ತು.